ಹೊರೆಯ ಲೆಕ್ಕ ಹಾಕಿ ಹುಟ್ಟು ಹಿಡಿಯಿರಿ: ಕೆನಡಾದ ಹಳೆಯ ತುಪ್ಪಳ ಹಾದಿಗಳಲ್ಲಿ ಕನೂ ಪಯಣ

ಕೆನಡಾದ ಭೂಪಟ ಹರಡಿಕೊಂಡು, ಮಾಂಟ್ರಿಯಲ್ ಪಕ್ಕದ ಲಾಶೀನ್‌ನಿಂದ ಪಶ್ಚಿಮಕ್ಕೆ ನೀರಿನ ಗೆರೆಯನ್ನೇ ಹಿಡಿದು ಬೆರಳು ಸರಿಸುತ್ತ ಹೋಗಿ. ಒಟ್ಟಾವಾ ನದಿ, ಅದನ್ನು ಸೇರುವ ಮ್ಯಾಟಾವಾ, ನಿಪಿಸಿಂಗ್ ಸರೋವರ, ಫ್ರೆಂಚ್ ನದಿ, ಹ್ಯೂರನ್ ಸರೋವರದ ಜಾರ್ಜಿಯನ್ ಕೊಲ್ಲಿ, ಸುಪೀರಿಯರ್‌ನ ಉತ್ತರ ದಂಡೆ, ಪಿಜನ್ ನದಿ, ರೇನಿ ಸರೋವರ, ಲೇಕ್ ಆಫ್ ದ ವುಡ್ಸ್, ವಿನ್ನಿಪೆಗ್ ನದಿ ಮತ್ತು ಸರೋವರ, ಸಸ್ಕ್ಯಾಚವಾನ್, ಚರ್ಚಿಲ್, ಕೊನೆಗೆ ಅಥಬಾಸ್ಕಾ. ಬೆರಳು ನೆಲ ಮುಟ್ಟುವುದೇ ಅಪರೂಪ. ಈ ಸರಪಳಿಯ ಮೇಲೆ ಎರಡು ಶತಮಾನಗಳಷ್ಟು ಕಾಲ ಬೀವರ್ ಎಂಬ ನೀರುಪ್ರಾಣಿಯ ತುಪ್ಪಳ ಪೂರ್ವಕ್ಕೆ ಸಾಗಿತು; ಬಟ್ಟೆ, ಕೊಡಲಿ, ಹಿತ್ತಾಳೆಯ ಕಡಾಯಿ, ಬಂದೂಕು ಪಶ್ಚಿಮಕ್ಕೆ ಹೋದವು. ಯುರೋಪಿನ ಟೋಪಿ ಮಾಡುವವರಿಗೆ ಬೀವರ್‌ನ ಒಳಗೂದಲು ಬೇಕಿತ್ತು. ಅದನ್ನು ಒತ್ತಿ ತಯಾರಿಸಿದ ಫೆಲ್ಟ್ ಟೋಪಿ ಮಳೆಗೂ ಆಕಾರ ಕೆಡುತ್ತಿರಲಿಲ್ಲ. 1670ರಲ್ಲಿ ರಾಜನ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿಯೂ ಮಾಂಟ್ರಿಯಲ್ ವರ್ತಕರು ಕಟ್ಟಿದ ನಾರ್ತ್ ವೆಸ್ಟ್ ಕಂಪನಿಯೂ ಈ ನೀರಿಗಾಗಿ ಕಾದಾಡಿ, 1821ರಲ್ಲಿ ಒಂದಾದವು. ಅದೇ ನೀರಿನಲ್ಲಿ ಇಂದು ಹವ್ಯಾಸಿಗಳು ವಾರಗಟ್ಟಲೆ ಕನೂ ದೋಣಿ ನಡೆಸುತ್ತಾರೆ. ಟೊರಾಂಟೊ, ಮಿನಿಯಾಪೊಲಿಸ್ ಕಡೆ ನೆಲೆಸಿದ ಕನ್ನಡಿಗರಿಗೆ ಈ ದಾರಿಗಳ ಕೆಲವು ತುಣುಕುಗಳು ಕಾರಿನಲ್ಲಿ ಅರ್ಧ ದಿನದೊಳಗೆ ಸಿಗುವಷ್ಟು ಹತ್ತಿರ. ಇಂಥ ಪಯಣ ಯೋಜಿಸುವವರಿಗೆ ಈ ಲೇಖನ ಹೇಳುವುದು ಮುಖ್ಯವಾಗಿ ಒಂದೇ ಮಾತು: ಭೂಪಟದ ಕಿಲೋಮೀಟರುಗಳನ್ನು ನಂಬಬೇಡಿ. ಈ ದಾರಿಯ ಉದ್ದವನ್ನು ನಿರ್ಧರಿಸುವುದು ನೀವು ಹೊರುವ ಭಾರ, ಬೀಸುವ ಗಾಳಿ ಮತ್ತು ಉಳಿದಿರುವ ದಿನಗಳು. ಆ ವ್ಯಾಪಾರವೇ ಇದಕ್ಕೆ ಸಾಕ್ಷಿ.

ಕನೂ ಎಂದರೆ ಎರಡೂ ತುದಿ ಚೂಪಾದ, ಹಗುರವಾದ, ಉದ್ದನೆಯ ದೋಣಿ. ಹಳೆಯ ಕನೂಗಳ ಮೈ ಬರ್ಚ್ ಮರದ ತೊಗಟೆಯದು. ನಮ್ಮ ಪೂರ್ವಿಕರು ಬರೆಯಲು ಬಳಸಿದ ಭೂರ್ಜಪತ್ರವೂ ಇದೇ ಕುಲದ ಮರದ್ದು. ಸೀಡರ್ ಮರದ ಪಕ್ಕೆಲುಬು, ಸ್ಪ್ರೂಸ್ ಮರದ ಬೇರಿನ ಹೊಲಿಗೆ, ಅದೇ ಮರದ ಅಂಟಿನ ಬೆಸುಗೆ. ಅನಿಶಿನಾಬೆ, ಕ್ರೀ ಮೊದಲಾದ ಮೂಲನಿವಾಸಿಗಳು ರೂಪಿಸಿದ ಈ ದೋಣಿಯನ್ನು ವ್ಯಾಪಾರಿಗಳು ಒಪ್ಪಿಕೊಂಡದ್ದಕ್ಕೆ ಕಾರಣ ಸ್ಪಷ್ಟ. ಒಡೆದರೆ ಕಾಡಿನಲ್ಲೇ ಸಿಗುವ ವಸ್ತುಗಳಿಂದ ತೇಪೆ ಹಾಕಬಹುದು. ನೀರು ಮುಗಿದಲ್ಲಿ ಹೆಗಲೇರಿಸಬಹುದು. ಎರಡನೆಯ ಗುಣವೇ ದೊಡ್ಡದು. ಜಲಪಾತ ಬಂದಾಗ, ಬಂಡೆಗಳ ನಡುವೆ ನದಿ ನೊರೆಯೆದ್ದು ಧುಮುಕುವಾಗ, ಒಂದು ಕೆರೆಯಿಂದ ಇನ್ನೊಂದಕ್ಕೆ ದಾಟುವಾಗ ದೋಣಿಯನ್ನೂ ಸಾಮಾನನ್ನೂ ಹೊತ್ತು ನಡೆಯಲೇಬೇಕು. ಆ ಕಾಲುದಾರಿಗೆ ಪೋರ್ಟೇಜ್ ಎಂದು ಹೆಸರು. ಇಲ್ಲಿ ಹೊರೆದಾರಿ ಎನ್ನೋಣ. ದೋಣಿಯ ಅಳತೆಯನ್ನು ನಿಶ್ಚಯಿಸಿದ್ದೂ ಈ ಹೊರೆದಾರಿಗಳೇ. ಮಾಂಟ್ರಿಯಲ್‌ನಿಂದ ಸುಪೀರಿಯರ್ ಸರೋವರದ ಪಶ್ಚಿಮ ತುದಿಯವರೆಗೆ ಸುಮಾರು 11 ಮೀಟರ್ ಉದ್ದದ, ಎಂಟರಿಂದ ಹನ್ನೆರಡು ಮಂದಿ ನಡೆಸುವ ದೊಡ್ಡ ಕನೂ ಓಡುತ್ತಿತ್ತು. ಅದರಾಚೆಗಿನ ಸಣ್ಣ ನದಿಗಳು, ಕಡಿದಾದ ಕಾಲುದಾರಿಗಳಿಗೆ ಅದು ಒಗ್ಗದು. ಅಲ್ಲಿಂದ ಮುಂದಕ್ಕೆ 7–8 ಮೀಟರಿನ ಉತ್ತರದ ಕನೂ.

ಸರಕಿನ ಅಳತೆಯೂ ಮನುಷ್ಯನ ಬೆನ್ನಿಗೆ ತಕ್ಕಂತೆ ನಿಗದಿಯಾಗಿತ್ತು. ಎಲ್ಲವನ್ನೂ ಸುಮಾರು 90 ಪೌಂಡಿನ, ಅಂದರೆ 41 ಕೆ.ಜಿ.ಯ ಮೂಟೆಗಳಾಗಿ ಕಟ್ಟುತ್ತಿದ್ದರು. ಫ್ರೆಂಚ್ ಮಾತಿನಲ್ಲಿ ‘ವೊಯಾಜೂರ್’ ಎನಿಸಿಕೊಂಡ ಕೂಲಿ ಅಂಬಿಗ ಒಂದು ಸಲಕ್ಕೆ ಇಂಥ ಎರಡನ್ನು ಹೊರಬೇಕು. ಮೊದಲ ಮೂಟೆಗೆ ಕಟ್ಟಿದ ಚರ್ಮದ ಪಟ್ಟಿ ಹಣೆಯ ಮೇಲೆ ಬರುತ್ತಿತ್ತು, ಎರಡನೆಯ ಮೂಟೆ ಅದರ ಮೇಲೆ ಕೂರುತ್ತಿತ್ತು. ಇಂದಿನ ಮಿನೆಸೋಟದ ಈಶಾನ್ಯ ತುದಿಯಲ್ಲಿರುವ ಗ್ರ್ಯಾಂಡ್ ಪೋರ್ಟೇಜ್ 14 ಕಿ.ಮೀ. ಉದ್ದದ ಹೊರೆದಾರಿ. ಪಿಜನ್ ನದಿಯ ಕೆಳಭಾಗದ ಜಲಪಾತಗಳನ್ನೂ ಕಮರಿಗಳನ್ನೂ ತಪ್ಪಿಸಲು ಬೇರೆ ದಾರಿ ಇರಲಿಲ್ಲ. ಪ್ರತಿ ಅಂಬಿಗನೂ ಅಲ್ಲಿ ಎಂಟು ಮೂಟೆ ದಾಟಿಸಬೇಕೆಂಬುದು ಕರಾರಾಗಿತ್ತೆಂದು ತುಪ್ಪಳ ವ್ಯಾಪಾರಿ ಅಲೆಕ್ಸಾಂಡರ್ ಮೆಕೆಂಝಿ ದಾಖಲಿಸಿದ್ದಾನೆ. ಅದಕ್ಕಿಂತ ಹೆಚ್ಚು ಹೊತ್ತರೆ ಮೂಟೆಗೊಂದು ಸ್ಪ್ಯಾನಿಷ್ ಡಾಲರ್ ಕೂಲಿ. ಎರಡೆರಡರಂತೆ ಎಂಟು ಮೂಟೆ ಎಂದರೆ ನಾಲ್ಕು ಸಲ ಹೋಗಿ ಮೂರು ಸಲ ಮರಳಬೇಕು. ಏಳು ಸಲ 14 ಕಿ.ಮೀ. ಎಂದರೆ 98 ಕಿ.ಮೀ. ಭೂಪಟದಲ್ಲಿ ಒಂದು ಉಗುರಿನಷ್ಟೂ ಉದ್ದವಿಲ್ಲದ ಗೆರೆ ಕಾಲಿಗೆ ನೂರು ಕಿಲೋಮೀಟರಾಗುವುದು ಹೀಗೆ. ಆ ಜನ ಆ ದಾರಿಯನ್ನು ಮೈಲಿಯಲ್ಲಿ ಎಣಿಸಲೂ ಇಲ್ಲ. ಹದಿನಾರು ‘ಪೋಸ್’ ಎಂದರು. ಪೋಸ್ ಎಂದರೆ ಹೊರೆ ಇಳಿಸಿ ಮುಂದಿನದಕ್ಕೆ ಹಿಂದಿರುಗುವ ಜಾಗ. ಸರೋವರಗಳ ದೂರವನ್ನು ‘ಪೈಪ್’ಗಳಲ್ಲಿ ಹೇಳುತ್ತಿದ್ದರು, ಗಂಟೆಗೊಮ್ಮೆ ಹುಟ್ಟು ನಿಲ್ಲಿಸಿ ಪೈಪ್ ಸೇದುವ ಬಿಡುವೇ ಅದರ ಅಳತೆ. ದಣಿವನ್ನೇ ಅಳತೆಗೋಲು ಮಾಡಿಕೊಂಡ ಈ ಪದ್ಧತಿ ಅವರಿಗೆ ನಿಜವಾದ ದೂರವನ್ನು ತಿಳಿಸುತ್ತಿತ್ತು.

ಇದೇ ಲೆಕ್ಕವನ್ನು ಇಂದಿನ ಪಯಣಕ್ಕೆ ಹೊಂದಿಸಿ ನೋಡಿ. ಇಬ್ಬರು, ಹತ್ತು ದಿನ. ಒಣ ಆಹಾರ ತಲೆಗೆ ದಿನಕ್ಕೆ ಮುಕ್ಕಾಲು ಕೆ.ಜಿ. ಹಿಡಿದರೆ ಒಟ್ಟು 15 ಕೆ.ಜಿ. ಗುಡಾರ, ಹಾಸಿಗೆ ಚೀಲ, ಬಟ್ಟೆ, ಒಲೆ, ಇಂಧನ, ಪಾತ್ರೆ, ಹಗ್ಗ, ಮಳೆಹೊದಿಕೆ, ಔಷಧ ಎಲ್ಲ ಸೇರಿ 35 ಕೆ.ಜಿ. ಕೆವ್ಲಾರ್ ನಾರಿನ 5 ಮೀಟರಿನ ಕನೂ 20 ಕೆ.ಜಿ. ಆಸುಪಾಸು, ಹುಟ್ಟುಗಳು, ಜೀವರಕ್ಷಕ ಅಂಗಿಗಳು ಬೇರೆ. ಒಟ್ಟು 75 ಕೆ.ಜಿ. ಒಂದೇ ಸಲಕ್ಕೆ ಹೊರಬಲ್ಲವರು ಕಡಿಮೆ. ಹೆಚ್ಚಿನವರು ಎರಡು ಸಲ ಹೊರುತ್ತಾರೆ. ಹಾಗೆಂದರೆ ಪ್ರತಿ ಹೊರೆದಾರಿಯನ್ನು ಮೂರು ಸಲ ನಡೆಯುತ್ತಾರೆ. ಒಂದು ದಿನದಲ್ಲಿ ಒಟ್ಟು 2 ಕಿ.ಮೀ. ಉದ್ದದ ಆರು ಹೊರೆದಾರಿಗಳಿವೆ ಎನ್ನಿ. ನಡಿಗೆ 6 ಕಿ.ಮೀ., ಅದರಲ್ಲಿ 4 ಕಿ.ಮೀ. ಹೊರೆಯೊಂದಿಗೆ. ಬೇರು, ಕೆಸರು, ಜಾರುಬಂಡೆಗಳ ಮೇಲೆ ಇದಕ್ಕೆ ಎರಡೂವರೆ ಗಂಟೆ ಬೇಕು. ಪ್ರತಿ ಹೊರೆದಾರಿಯಲ್ಲಿ ದೋಣಿ ಬರಿದು ಮಾಡಿ ಮತ್ತೆ ತುಂಬುವುದಕ್ಕೆ ಇಪ್ಪತ್ತು ನಿಮಿಷ ಹಿಡಿದರೆ ಇನ್ನೆರಡು ಗಂಟೆ. ಹಗಲಿನ ಅರ್ಧ ಅಲ್ಲಿಗೆ ಮುಗಿಯಿತು. ನಿಂತ ನೀರಿನಲ್ಲಿ ತುಂಬಿದ ದೋಣಿ ಗಂಟೆಗೆ 4–5 ಕಿ.ಮೀ. ಸಾಗುತ್ತದೆ, ಅದೂ ಎದುರುಗಾಳಿ ಇಲ್ಲದಿದ್ದರೆ. ಆದ್ದರಿಂದ ಹೊಸಬರು ದಿನಕ್ಕೆ 15–20 ಕಿ.ಮೀ.ಗಿಂತ ಹೆಚ್ಚು ಲೆಕ್ಕ ಹಾಕಬಾರದು. ಮಿನೆಸೋಟದ ಭೂಪಟಗಳು ಹೊರೆದಾರಿಯ ಉದ್ದವನ್ನು ‘ರಾಡ್’ ಎಂಬ ಹಳೆಯ ಅಳತೆಯಲ್ಲಿ ಕೊಡುತ್ತವೆ. ಒಂದು ರಾಡ್ 16.5 ಅಡಿ, ಸರಿಸುಮಾರು ಒಂದು ಕನೂವಿನ ಉದ್ದ. 320 ರಾಡ್ ಸೇರಿ ಒಂದು ಮೈಲಿ. ಯೋಜನೆ ಮಾಡುವಾಗ ದಿನದ ಕಿಲೋಮೀಟರಿನ ಪಕ್ಕದಲ್ಲಿ ದಿನದ ರಾಡ್‌ಗಳನ್ನು ಬರೆದು ಮೂರರಿಂದ ಗುಣಿಸಿ. ಆ ಎರಡನೆಯ ಸಂಖ್ಯೆಯೇ ನಿಮ್ಮ ದಿನವನ್ನು ಆಳುವುದು.

‘ಆ ಕಾಲದ ಮೂಟೆಗಳ ಕಷ್ಟ ನಮಗೇಕೆ? ನಮ್ಮ ಸಾಮಾನು ಹಗುರ’ ಎಂದು ಕೇಳುವವರಿದ್ದಾರೆ. ಸಾಮಾನು ಹಗುರವಾದದ್ದು ನಿಜ, ಅದರಿಂದಲೇ ಕಚೇರಿ ಕೆಲಸದವರೂ ಇಂದು ಈ ಪಯಣ ಮಾಡಬಲ್ಲರು. ಆದರೆ ಅಂದು ದಾರಿಯುದ್ದಕ್ಕೂ ವ್ಯಾಪಾರದ ಕೋಟೆಗಳಿದ್ದವು. ಅಲ್ಲಿ ಧಾನ್ಯ, ಮಾಂಸ, ಹೊಸ ದೋಣಿ ದೊರೆಯುತ್ತಿದ್ದವು. ಇಂದು ಆ ಕೋಟೆಗಳಲ್ಲಿ ಕೆಲವು ವಸ್ತುಸಂಗ್ರಹಾಲಯಗಳು, ಉಳಿದವು ಹುಲ್ಲುಗಾವಲು. ಊಟವೆಲ್ಲ ಮೊದಲ ದಿನದಿಂದಲೇ ನಮ್ಮ ಬೆನ್ನಿನ ಮೇಲೆ. ಅಂಬಿಗರು ಹದಿನಾಲ್ಕು ತಾಸು ಹುಟ್ಟು ಹಾಕಿ ಪಳಗಿದವರು; ನಮ್ಮ ಭುಜಗಳು ಮೊದಲ ವಾರ ಕಲಿಯುವುದರಲ್ಲೇ ಕಳೆಯುತ್ತವೆ. ಅಷ್ಟು ಪಳಗಿದವರನ್ನೂ ಆ ಭಾರ ಬಿಡಲಿಲ್ಲ. ಮುಳುಗಿ ಸತ್ತವರ ಜೊತೆಗೆ ಹರ್ನಿಯಾದಿಂದ ಸತ್ತವರೂ ಅನೇಕರು, ರಭಸದ ನೀರಿನ ಬದಿಯಲ್ಲಿ ಮರದ ಶಿಲುಬೆಗಳು ನಿಂತಿದ್ದವು. ಹಾಗಾಗಿ ಅವರ ವೇಗ ಅನುಕರಿಸತಕ್ಕದ್ದಲ್ಲ, ಅವರ ಲೆಕ್ಕ ಕಲಿಯತಕ್ಕದ್ದು. ಹಡ್ಸನ್ಸ್ ಬೇ ಕಂಪನಿಯ ಗವರ್ನರ್ ಜಾರ್ಜ್ ಸಿಂಪ್ಸನ್‌ನ ತ್ವರಿತ ಪ್ರವಾಸಗಳು ಹೆಸರಾದವು. ಆರಿಸಿದ ಅಂಬಿಗರು, ವ್ಯಾಪಾರದ ಸರಕಿಲ್ಲದ ಹಗುರ ದೋಣಿ ಅದರ ಗುಟ್ಟು. ಒಂದು ಮಡಚುಕುರ್ಚಿ, ಎರಡನೆಯ ಜೊತೆ ಬೂಟು, ಮೂರನೆಯ ಪಾತ್ರೆ ಮನೆಯಲ್ಲೇ ಉಳಿದರೆ ಎರಡು ಸಲದ ಹೊರೆ ಒಂದೂವರೆ ಸಲಕ್ಕೆ ಇಳಿಯುತ್ತದೆ. ಹೊಸ ಹುಟ್ಟು ಕೊಳ್ಳುವುದಕ್ಕಿಂತ ಅದರಿಂದ ಲಾಭ ಹೆಚ್ಚು.

ಆಹಾರದ ವಿಷಯದಲ್ಲಂತೂ ಹಳಬರ ಲೆಕ್ಕ ಇಂದಿಗೂ ಅಕ್ಷರಶಃ ಸರಿ. ಮಾಂಟ್ರಿಯಲ್‌ನಿಂದ ಹೊರಟವರ ಊಟ ಒಣ ಬಟಾಣಿ ಅಥವಾ ಸುಣ್ಣದ ನೀರಿನಂಥ ಕ್ಷಾರದಲ್ಲಿ ಸಿಪ್ಪೆ ತೆಗೆದ ಮೆಕ್ಕೆಜೋಳ, ಅದಕ್ಕೆ ಹಂದಿಯ ಕೊಬ್ಬು. ಪಶ್ಚಿಮದವರದು ಪೆಮಿಕನ್: ಕಾಡೆಮ್ಮೆಯ ಜಾತಿಯ ಬೈಸನ್ ಮಾಂಸವನ್ನು ಒಣಗಿಸಿ, ಕುಟ್ಟಿ, ಕರಗಿಸಿದ ಕೊಬ್ಬಿನಲ್ಲಿ ಕಲಸಿ, ಚರ್ಮದ ಚೀಲದಲ್ಲಿ ತುಂಬಿದ ಬುತ್ತಿ. ಮೂಲನಿವಾಸಿಗಳು ಕಂಡುಹಿಡಿದ, ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಮೆಟಿಸ್ ಜನ ಭಾರೀ ಪ್ರಮಾಣದಲ್ಲಿ ತಯಾರಿಸಿದ ಈ ಬುತ್ತಿ ಇಲ್ಲದೆ ಅಥಬಾಸ್ಕಾದ ವ್ಯಾಪಾರ ನಡೆಯುತ್ತಲೇ ಇರಲಿಲ್ಲ. 1814ರಲ್ಲಿ ರೆಡ್ ನದಿಯ ವಸಾಹತಿನಿಂದ ಪೆಮಿಕನ್ ಹೊರಗೆ ಹೋಗಬಾರದೆಂದು ಅಲ್ಲಿನ ಗವರ್ನರ್ ಆಜ್ಞೆ ಹೊರಡಿಸಿದಾಗ ಎದ್ದ ವೈರ 1816ರ ಸೆವೆನ್ ಓಕ್ಸ್ ಕಾಳಗದವರೆಗೂ ಹೋಯಿತು. ಅಷ್ಟು ಬೆಲೆ ಬಂದದ್ದು ಕೊಬ್ಬಿನಿಂದ: ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ. ಸಸ್ಯಾಹಾರಿ ಕನ್ನಡಿಗರ ಅಡುಗೆಮನೆಯಲ್ಲಿ ಇದಕ್ಕೆ ಸಮನಾದ ಪದಾರ್ಥಗಳಿಗೆ ಕೊರತೆಯಿಲ್ಲ. 100 ಗ್ರಾಂ ತುಪ್ಪಕ್ಕೆ ಸುಮಾರು 900 ಕ್ಯಾಲೊರಿ, ಒಣಕೊಬ್ಬರಿಗೆ 660, ಶೇಂಗಾಕ್ಕೆ 570; ಅವಲಕ್ಕಿ, ರವೆಗಳು 350ರ ಹತ್ತಿರ. ಹುಟ್ಟು ಹಾಕುವವರಿಗೆ ದಿನಕ್ಕೆ 3,000ಕ್ಕೂ ಮೇಲೆ ಬೇಕು. ಬರೀ ಅವಲಕ್ಕಿಯಿಂದ ಅದನ್ನು ತುಂಬಲು ಹೋದರೆ ಚೀಲ ಭಾರವಾಗುತ್ತದೆ. ತುಪ್ಪದಲ್ಲಿ ಹುರಿದ ರವೆಯ ಉಪ್ಪಿಟ್ಟಿನ ಪುಡಿ, ಶೇಂಗಾ ಚಟ್ನಿಪುಡಿ, ಕೊಬ್ಬರಿ ಬೆಲ್ಲದ ಉಂಡೆ, ಬೇಗ ಬೇಯುವ ಹೆಸರುಬೇಳೆ ಇದ್ದರೆ ಅದೇ ಮುಕ್ಕಾಲು ಕೆ.ಜಿ.ಯಲ್ಲಿ ದಿನ ಸಾಗುತ್ತದೆ. ತೊಗರಿಬೇಳೆ ಬೇಡ, ಬೇಯುವುದಕ್ಕೆ ಇಂಧನ ಹೆಚ್ಚು ನುಂಗುತ್ತದೆ. ಒಂದೊಂದು ದಿನದ್ದನ್ನು ಒಂದೊಂದು ಚೀಲಕ್ಕೆ ಕಟ್ಟಿ ದಿನದ ಹೆಸರು ಬರೆದಿಡಿ, ಎರಡು ದಿನದ್ದು ಹೆಚ್ಚಿಗೆ ಇರಲಿ. ನೀರನ್ನು ಕುದಿಸಿ ಅಥವಾ ಶೋಧಿಸಿಯೇ ಕುಡಿಯಬೇಕು. ಎಷ್ಟೇ ತಿಳಿಯಾಗಿ ಕಂಡರೂ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಅದರಲ್ಲಿರಬಹುದು.

ಹೊರೆಯ ನಂತರದ ಒಡೆಯ ಗಾಳಿ. ಹಳೆಯ ಪಯಣಗಳ ದಿನಚರಿಗಳಲ್ಲಿ ಗಾಳಿಗೆ ಸಿಕ್ಕಿ ದಂಡೆಯಲ್ಲೇ ಕುಳಿತ ದಿನಗಳ ಮಾತು ಮತ್ತೆ ಮತ್ತೆ ಬರುತ್ತದೆ. ಅದಕ್ಕೆಂದೇ ಅವರ ಭಾಷೆಯಲ್ಲಿ ‘ದೆಗ್ರಾದೆ’ ಎಂಬ ಪದವಿತ್ತು. ಸುಪೀರಿಯರ್ 82,000 ಚದರ ಕಿ.ಮೀ.ಗೂ ದೊಡ್ಡ ಸರೋವರ, ಬೇಸಿಗೆಯಲ್ಲೂ ಕೊರೆಯುವ ನೀರು. ವಿನ್ನಿಪೆಗ್ ಸರೋವರದ ಅಪಾಯ ಬೇರೆ ಬಗೆಯದು. ಅದರ ಸರಾಸರಿ ಆಳ 12 ಮೀಟರ್ ಮಾತ್ರ, ಹಾಗಾಗಿ ಗಾಳಿ ಎದ್ದರೆ ಗಿಡ್ಡನೆಯ, ಕಡಿದಾದ ಅಲೆಗಳು ಒಂದರ ಬೆನ್ನಿಗೊಂದು ಬರುತ್ತವೆ, ದೋಣಿ ಏಳುವ ಮೊದಲೇ ಮುಂದಿನದು ಒಳಗೆ ಸುರಿಯುತ್ತದೆ. ಅಂಬಿಗರು ನಸುಕಿಗೆ ಮುಂಚೆ, ಎರಡು ಮೂರು ಗಂಟೆಗೇ ಎದ್ದು ಹೊರಟು, ಕೆಲವು ತಾಸು ಸಾಗಿದ ಮೇಲೆ ಉಪಾಹಾರಕ್ಕೆ ನಿಲ್ಲುತ್ತಿದ್ದುದಕ್ಕೆ ಗಾಳಿಯೂ ಒಂದು ಕಾರಣ. ಬೇಸಿಗೆಯಲ್ಲಿ ಅದು ಸಾಮಾನ್ಯವಾಗಿ ಹೊತ್ತೇರಿದಂತೆ ಬಲಿಯುತ್ತದೆ. ನೀವು ಐದಕ್ಕೆ ನೀರಿಗಿಳಿದು ಮಧ್ಯಾಹ್ನ ಒಂದರ ಹೊತ್ತಿಗೆ ಗುಡಾರ ಹಾಕಿದರೆ ಸಾಕು. ಐದು ದಿನಕ್ಕೆ ಒಂದು ದಿನವನ್ನು ಗಾಳಿಗೆಂದೇ ಬಿಟ್ಟಿಡಿ. ಸೋಮವಾರ ಕೆಲಸಕ್ಕೆ ಹಾಜರಾಗಬೇಕೆಂಬ ಅವಸರ ಈ ಸರೋವರಗಳಲ್ಲಿ ಜನರನ್ನು ಅಲೆಗಳಿಗೆ ತಳ್ಳುತ್ತದೆ, ಆದ್ದರಿಂದ ಬಿಡುವಿನ ದಿನ ಇಡುವುದೂ ಸುರಕ್ಷತೆಯ ಸಾಧನವೇ. ತಣ್ಣೀರಿಗೆ ಬಿದ್ದವರ ಬಗ್ಗೆ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಕೊಟ್ಟ ಸೂತ್ರ ನೆನಪಿನಲ್ಲಿರಲಿ: ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಕೆಲಸ ಮಾಡುವುದು 10 ನಿಮಿಷ, ಪ್ರಜ್ಞೆ ತಪ್ಪುವವರೆಗೆ 1 ಗಂಟೆ. ಆ ಮೊದಲ ನಿಮಿಷ ತಲೆ ನೀರಿನ ಮೇಲಿರಬೇಕಾದರೆ ಜೀವರಕ್ಷಕ ಅಂಗಿ ಮೈಮೇಲೆ ಇರಬೇಕು. ದೋಣಿಯ ತಳದಲ್ಲಿ ಮಡಚಿಟ್ಟದ್ದು ಯಾರನ್ನೂ ಉಳಿಸದು. ಈಜು ಬರುವವರಿಗೂ ಈ ಮಾತು ಅಷ್ಟೇ ಅನ್ವಯ. ದೊಡ್ಡ ಕೊಲ್ಲಿಗಳನ್ನು ಅಡ್ಡ ದಾಟುವ ಬದಲು ದಂಡೆ ಹಿಡಿದೇ ಸಾಗಿ. ರಭಸದ ನೀರು ಕಂಡಲ್ಲಿ, ಅನುಮಾನವಿದ್ದರೆ, ಹೊತ್ತು ನಡೆಯಿರಿ. 1960ರ ದಶಕದಲ್ಲಿ ಮುಳುಗುಗಾರರು ಗ್ರಾನೈಟ್ ನದಿ, ಫ್ರೆಂಚ್ ನದಿಗಳ ರಭಸದ ನೀರಿನ ತಳದಿಂದ ಒಂದರೊಳಗೊಂದು ಸೇರಿಸಿಟ್ಟ ಹಿತ್ತಾಳೆ ಕಡಾಯಿಗಳು, ಕೊಡಲಿಗಳು, ಸೀಸದ ಗುಂಡುಗಳನ್ನು ಮೇಲೆತ್ತಿದರು. ಹೊರುವ ಶ್ರಮ ಉಳಿಸಲು ಹೋದ ದೋಣಿಗಳ ಸರಕೂ ಅದರಲ್ಲಿ ಇದ್ದಿರಬೇಕು.

ಈಗ ಹೆಚ್ಚು ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ದಾರಿಯನ್ನು ಇಡಿಯಾಗಿ ಮಾಡದೆ ತುಣುಕು ಮಾಡಿದರೆ ಅದು ಚಾರಿತ್ರಿಕ ಪಯಣ ಹೇಗಾದೀತು? ಇದಕ್ಕೆ ಉತ್ತರ ವ್ಯಾಪಾರದ ರಚನೆಯಲ್ಲೇ ಇದೆ. ಮಾಂಟ್ರಿಯಲ್‌ನಿಂದ ಅಥಬಾಸ್ಕಾಕ್ಕೆ ಒಂದೇ ಬೇಸಿಗೆಯಲ್ಲಿ ಹೋಗಿ ಬರುವುದು ಸರಕಿನ ದೋಣಿಗಳಿಗೆ ಆಗದ ಕೆಲಸವಾಗಿತ್ತು. ಮೇ ತಿಂಗಳಲ್ಲಿ ಹಿಮ ಕರಗಿದ ಮೇಲೆ ಹೊರಟ ಮಾಂಟ್ರಿಯಲ್ ದೋಣಿಗಳು ಆರೆಂಟು ವಾರಗಳಲ್ಲಿ ಗ್ರ್ಯಾಂಡ್ ಪೋರ್ಟೇಜ್ ಮುಟ್ಟುತ್ತಿದ್ದವು, 1803ರ ನಂತರ ಈಗಿನ ಥಂಡರ್ ಬೇಯಲ್ಲಿರುವ ಫೋರ್ಟ್ ವಿಲಿಯಂ. ಒಳನಾಡಿನಲ್ಲಿ ಚಳಿಗಾಲ ಕಳೆದ ಉತ್ತರದವರು ಎದುರಿನಿಂದ ತುಪ್ಪಳ ತರುತ್ತಿದ್ದರು. ಜುಲೈಯಲ್ಲಿ ಅಲ್ಲಿ ಅದಲುಬದಲು. ಅಥಬಾಸ್ಕಾದವರಿಗೆ ಅಷ್ಟು ದೂರ ಬರಲೂ ಕಾಲ ಸಾಲದು, ನದಿ ಹೆಪ್ಪುಗಟ್ಟುವ ಮೊದಲು ಮರಳಬೇಕು. ಆದ್ದರಿಂದ ಅವರಿಗಾಗಿ ರೇನಿ ಸರೋವರದಲ್ಲಿ ಬೇರೆ ಉಗ್ರಾಣ ತೆರೆದರು. ಕೈಯಿಂದ ಕೈಗೆ ದಾಟಿದ ಓಟವದು. ಸರಕು ಇಡೀ ದಾರಿ ಸಾಗಿತು, ಅಂಬಿಗರು ತಮ್ಮ ಪಾಲಿನ ತುಣುಕು ಮಾಡಿದರು. ಹಾಗಿರುವಾಗ ಒಂದು ತುಣುಕನ್ನು ಚೆನ್ನಾಗಿ ಮಾಡುವವರು ಚರಿತ್ರೆಗೆ ದ್ರೋಹ ಬಗೆಯುವುದಿಲ್ಲ, ಅದರ ರೀತಿಯನ್ನೇ ಪಾಲಿಸುತ್ತಾರೆ.

ಉದ್ದದ ಪಯಣಗಳನ್ನು ಮಾಡಿದವರಿಲ್ಲವೇ? ಇದ್ದಾರೆ. 1967ರಲ್ಲಿ ಕೆನಡಾದ ಶತಮಾನೋತ್ಸವಕ್ಕೆ ಹತ್ತು ತಂಡಗಳು ಆಲ್ಬರ್ಟಾದ ರಾಕಿ ಮೌಂಟನ್ ಹೌಸ್‌ನಿಂದ ಮಾಂಟ್ರಿಯಲ್‌ಗೆ 5,283 ಕಿ.ಮೀ.ಯನ್ನು 104 ದಿನಗಳಲ್ಲಿ ದಾಟಿದವು, ಮ್ಯಾನಿಟೋಬಾ ಗೆದ್ದಿತು. ಅಲ್ಲಿ ದೋಣಿಗೆ ಆರು ಜನ, ಸರದಿಗೆ ಬದಲಿ ಜನ, ಹಿಂದೆ ಸರ್ಕಾರದ ಆಸರೆ. 1930ರಲ್ಲಿ ಹೈಸ್ಕೂಲು ಮುಗಿಸಿದ ಎರಿಕ್ ಸೆವರೈಡ್ ಮತ್ತು ವಾಲ್ಟರ್ ಪೋರ್ಟ್ ಮಿನಿಯಾಪೊಲಿಸ್‌ನಿಂದ ಹಡ್ಸನ್ ಕೊಲ್ಲಿಗೆ 2,250 ಮೈಲಿ ಹುಟ್ಟು ಹಾಕಿದರು. 2011ರಲ್ಲಿ ನ್ಯಾಟಲಿ ವಾರೆನ್ ಮತ್ತು ಆ್ಯನ್ ರೈಹೊ ಅದೇ ದಾರಿಯಲ್ಲಿ ಹೋಗಿ, ಅದನ್ನು ಮುಗಿಸಿದ ಮೊದಲ ಮಹಿಳೆಯರಾದರು. ಮೂರು ತಿಂಗಳ ರಜೆ, ಬಲವಾದ ಜೊತೆ, ಸಣ್ಣ ಪಯಣಗಳ ಹಲವು ವರ್ಷಗಳ ರೂಢಿ ಇದ್ದವರು ಆ ದಾರಿ ಹಿಡಿಯಲಿ. ಮೊದಲ ಸಲದವರಿಗೆ ಅದು ಗುರಿಯಾಗಿರಲಿ, ಯೋಜನೆಯಾಗುವುದು ಬೇಡ.

ಹಾಗಾದರೆ ಮೊದಲ ತುಣುಕು ಯಾವುದು? ಟೊರಾಂಟೊ ಕಡೆಯವರಿಗೆ ಫ್ರೆಂಚ್ ನದಿ. 1986ರಲ್ಲಿ ಕೆನಡಾದ ಪಾರಂಪರಿಕ ನದಿಗಳ ಪಟ್ಟಿಗೆ ಮೊಟ್ಟಮೊದಲು ಸೇರಿದ್ದೇ ಇದು. ನಿಪಿಸಿಂಗ್ ಸರೋವರದಿಂದ ಜಾರ್ಜಿಯನ್ ಕೊಲ್ಲಿಗೆ 110 ಕಿ.ಮೀ., ಹರಿವಿನ ಜೊತೆಗೇ ಇಳಿಯುವ ದಾರಿ, ಹೊರೆದಾರಿಗಳು ಕಡಿಮೆ ಮತ್ತು ಚಿಕ್ಕವು. ನಡುವೆ ಹೆದ್ದಾರಿ 69 ನದಿಯನ್ನು ದಾಟುವುದರಿಂದ ಪಯಣವನ್ನು ಅರ್ಧಕ್ಕೆ ನಿಲ್ಲಿಸಲೂಬಹುದು. ಹೊಸಬರಿಗೆ ಇದು ದೊಡ್ಡ ಅನುಕೂಲ. ಆರೇಳು ದಿನ ಇಟ್ಟುಕೊಳ್ಳಿ, ಕೊನೆಗೆ ಕೊಲ್ಲಿಯ ಬಯಲಿನಲ್ಲಿ ಗಾಳಿ ಕಾಡಿದರೆ ಒಳಗಾಲುವೆಗಳಲ್ಲೇ ಇರಿ. ಎರಡನೆಯ ವರ್ಷಕ್ಕೆ ಮ್ಯಾಟಾವಾ: ನಾರ್ತ್ ಬೇ ಪಕ್ಕದ ಟ್ರೌಟ್ ಸರೋವರದಿಂದ ಮ್ಯಾಟಾವಾ ಊರಿಗೆ ಸುಮಾರು 65 ಕಿ.ಮೀ., ದೂರ ಕಡಿಮೆಯಾದರೂ ಹೊರೆದಾರಿಗಳು ಹತ್ತಕ್ಕೂ ಹೆಚ್ಚು. ಹೊರೆಯ ಲೆಕ್ಕ ಮೈಗೂಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಶಾಲೆ ಕಾಣೆ. ಹೆಸರಾಂತ ಗಡಿ ಸರೋವರಗಳು ಇದರ ನಂತರ: ಅಮೆರಿಕದ ಬದಿ ಬೌಂಡರಿ ವಾಟರ್ಸ್ ಕನೂ ಅರಣ್ಯ, ಕೆನಡಾದ ಬದಿ ಕ್ವೆಟಿಕೊ ಪಾರ್ಕ್, ಸಾವಿರಕ್ಕೂ ಮಿಕ್ಕ ಕೆರೆಗಳು. ಈಲಿ, ಗ್ರ್ಯಾಂಡ್ ಮರೇ, ಅಟಿಕೋಕನ್ ಊರುಗಳಲ್ಲಿ ಕನೂ, ಗುಡಾರ, ಭೂಪಟ ಎಲ್ಲವನ್ನೂ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಮೊದಲ ಎರಡು ಮೂರು ಪಯಣಗಳಿಗೆ ಏನನ್ನೂ ಕೊಳ್ಳದಿರುವುದೇ ಜಾಣತನ. ಇವೆಲ್ಲ ಆದವರಿಗೆ ಸಸ್ಕ್ಯಾಚವಾನ್‌ನ ಚರ್ಚಿಲ್ ನದಿ. ಸಿಗರ್ಡ್ ಓಲ್ಸನ್ 1955ರಲ್ಲಿ ಗೆಳೆಯರೊಂದಿಗೆ ಇಲ್ಲಿ ಸಾಗಿ ‘ದ ಲೋನ್ಲಿ ಲ್ಯಾಂಡ್’ ಬರೆದರು. ಆ ನದಿಯ ದಂಡೆಯ ಸ್ಟ್ಯಾನ್ಲಿ ಮಿಷನ್‌ನಲ್ಲಿ 1850ರ ದಶಕದಲ್ಲಿ ಕಟ್ಟಲು ತೊಡಗಿದ ಮರದ ಇಗರ್ಜಿ ಇನ್ನೂ ನಿಂತಿದೆ. ಅಲ್ಲಿಂದಲೂ ಆಚೆ, ವ್ಯಾಪಾರಿ ಪೀಟರ್ ಪಾಂಡ್ 1778ರಲ್ಲಿ ದಾಟಿ ಅಥಬಾಸ್ಕಾ ಬಾಗಿಲು ತೆರೆದ ಮೆಥೈ ಹೊರೆದಾರಿ ಸುಮಾರು 20 ಕಿ.ಮೀ. ಅದನ್ನು ಮೂರರಿಂದ ಗುಣಿಸಿದ ಮೇಲೂ ಹೋಗಬೇಕೆನಿಸಿದರೆ ಹೋಗಿ.

ಕಾಲ ಮತ್ತು ಕಾಗದ ಪತ್ರಗಳ ಮಾತು ಚಿಕ್ಕದಾಗಿ ಹೇಳಬಹುದು. ಮೇ ನಡುವಿನಿಂದ ಜುಲೈವರೆಗೆ ಕಪ್ಪು ನೊಣ, ಸೊಳ್ಳೆಗಳ ಹಾವಳಿ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಹಿತವಾದ ಕಾಲ. ಆದರೆ ಅದೇ ಕಾಳ್ಗಿಚ್ಚಿನ ಕಾಲವೂ ಹೌದು, 2021ರ ಬೇಸಿಗೆಯಲ್ಲಿ ಬೌಂಡರಿ ವಾಟರ್ಸ್ ಮುಚ್ಚಿತ್ತು, ಹೊರಡುವ ವಾರ ವಿಚಾರಿಸಿಯೇ ಹೊರಡಿ. ಬೌಂಡರಿ ವಾಟರ್ಸ್‌ನಲ್ಲಿ ರಾತ್ರಿ ತಂಗಲು ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಸೀಮಿತ ಪರವಾನಗಿ, ಒಂದು ಗುಂಪಿಗೆ ಗರಿಷ್ಠ 9 ಜನ, 4 ದೋಣಿ. ಕಾಯ್ದಿರಿಸುವಿಕೆ ಜನವರಿಯ ಕೊನೆಗೇ ಶುರುವಾಗುತ್ತದೆ. ಗಾಜಿನ ಬಾಟಲಿ, ತಗಡಿನ ಡಬ್ಬಿ ಇಲ್ಲಿಯೂ ಕ್ವೆಟಿಕೊದಲ್ಲಿಯೂ ನಿಷಿದ್ಧ. ಆಹಾರವನ್ನು ಕರಡಿಗೆ ಸಿಗದ ಡಬ್ಬದಲ್ಲಿ ಇಡಬೇಕು ಅಥವಾ ಎತ್ತರಕ್ಕೆ ತೂಗಬೇಕು. ಗಡಿಯ ವಿಷಯ ಕುತೂಹಲಕರ. 1842ರ ವೆಬ್‌ಸ್ಟರ್–ಆ್ಯಶ್‌ಬರ್ಟನ್ ಒಪ್ಪಂದ ಸುಪೀರಿಯರ್‌ನಿಂದ ಲೇಕ್ ಆಫ್ ದ ವುಡ್ಸ್‌ವರೆಗಿನ ವಾಡಿಕೆಯ ನೀರುದಾರಿಯನ್ನೇ ಗಡಿ ಮಾಡಿ, ಅದರ ಹೊರೆದಾರಿಗಳನ್ನು ಎರಡೂ ದೇಶಗಳವರಿಗೆ ಮುಕ್ತವಾಗಿಟ್ಟಿತು. ಹಾಗೆಂದು ಆಚೆ ದಂಡೆಯಲ್ಲಿ ಗುಡಾರ ಹಾಕಲು ಪಾಸ್‌ಪೋರ್ಟ್ ವ್ಯವಹಾರ ತಪ್ಪಿದ್ದಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಾಮಾನ್ಯವಾಗಿ ಎರಡೂ ದೇಶಗಳ ವೀಸಾ ಬೇಕು. ಒಂದೇ ಬದಿಯಲ್ಲಿ ಉಳಿಯುವುದು ಸರಳ. ಮೊಬೈಲ್ ಸಿಗ್ನಲ್ ನೆಚ್ಚಬೇಡಿ. ಉಪಗ್ರಹ ಸಂದೇಶದ ಸಾಧನ, ಕಾಗದದ ಭೂಪಟ, ದಿಕ್ಸೂಚಿ ಜೊತೆಗಿರಲಿ, ದಿನವಾರು ಯೋಜನೆಯ ಒಂದು ಪ್ರತಿ ಮನೆಯಲ್ಲಿರಲಿ.

ಇನ್ನೊಂದು ಆಕ್ಷೇಪ ನೈತಿಕವಾದದ್ದು, ಅದನ್ನು ದಾಟಿ ಹೋಗಲಾಗದು. ಈ ವ್ಯಾಪಾರ ಸಿಡುಬನ್ನು, ಸಾರಾಯಿಯನ್ನು ಒಳನಾಡಿಗೆ ಒಯ್ದಿತು. 1780ರ ದಶಕದ ಆರಂಭದ ಸಿಡುಬಿಗೆ ಎಷ್ಟೋ ಬಿಡಾರಗಳೇ ಬರಿದಾದವು. ಅಂಥ ದಾರಿಯನ್ನು ಸಂಭ್ರಮಿಸುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ದಾರಿಗಳು ಕಂಪನಿಗಳದ್ದಲ್ಲ. ವ್ಯಾಪಾರಿಗಳು ಬರುವ ಎಷ್ಟೋ ಕಾಲ ಮೊದಲೇ ಅವು ಸವೆದಿದ್ದವು. ದೋಣಿ, ಹಿಮಬೂಟು, ಪೆಮಿಕನ್, ದಾರಿಯ ತಿಳಿವಳಿಕೆ ಎಲ್ಲವೂ ಮೂಲನಿವಾಸಿಗಳದ್ದೇ. ಅವರು ಇಂದಿಗೂ ಅಲ್ಲೇ ಇದ್ದಾರೆ. ಗ್ರ್ಯಾಂಡ್ ಪೋರ್ಟೇಜ್ ರಾಷ್ಟ್ರೀಯ ಸ್ಮಾರಕವನ್ನು 1999ರಿಂದ ರಾಷ್ಟ್ರೀಯ ಉದ್ಯಾನ ಇಲಾಖೆಯೊಂದಿಗೆ ಗ್ರ್ಯಾಂಡ್ ಪೋರ್ಟೇಜ್ ಅನಿಶಿನಾಬೆ ಸಮುದಾಯವೂ ಸೇರಿ ನಡೆಸುತ್ತಿದೆ. ಫ್ರೆಂಚ್ ನದಿಯ ಮೇಲ್ಭಾಗದಲ್ಲಿ ಡೋಕಿಸ್ ಜನರ ನೆಲವಿದೆ. ಅವರ ಜಾಗದಲ್ಲಿ ಇಳಿಯುವ ಮೊದಲು ಕೇಳಬೇಕು, ಸಲ್ಲಬೇಕಾದ ಶುಲ್ಕ ಕೊಡಬೇಕು. ಲ್ಯಾಕ್ ಲಾ ಕ್ರ್ವಾ ಸರೋವರದ ಬಂಡೆಗಳ ಮೇಲಿನ ಕೆಂಪು ಚಿತ್ರಗಳನ್ನು ದೋಣಿಯಿಂದಲೇ ನೋಡಿ, ಕೈಯ ಎಣ್ಣೆ ಸೋಕಿದರೂ ಬಣ್ಣ ಕೆಡುತ್ತದೆ. ಆಗಸ್ಟ್ ಕೊನೆಗೆ ಆಳವಿಲ್ಲದ ಕೆರೆಗಳಲ್ಲಿ ಮನೂಮಿನ್ ಎಂಬ ಕಾಡುಬತ್ತ ತೆನೆಗಟ್ಟಿರುತ್ತದೆ, ಅದರ ನಡುವೆ ದೋಣಿ ನುಗ್ಗಿಸಿದರೆ ಯಾರದೋ ಸುಗ್ಗಿ ನೀರು ಪಾಲಾಗುತ್ತದೆ. ಸುತ್ತಿ ಹೋದರೆ ಹತ್ತು ನಿಮಿಷ ಹೆಚ್ಚು, ಅಷ್ಟೆ.

ಇಷ್ಟು ಓದಿದ ಮೇಲೂ ನಿಮ್ಮ ಶಕ್ತಿ ಎಷ್ಟೆಂಬುದು ಕಾಗದದ ಮೇಲೆ ತಿಳಿಯದು. ಪರೀಕ್ಷೆಗೆ ಒಂದು ದಾರಿ ಇದೆ, ಅದಕ್ಕೆ ದೋಣಿಯೂ ಬೇಡ. ಗ್ರ್ಯಾಂಡ್ ಪೋರ್ಟೇಜ್ ಹೊರೆದಾರಿ ಇಂದು ನಡೆಯುವವರಿಗೆ ತೆರೆದಿದೆ. ಸುಪೀರಿಯರ್ ದಂಡೆಯಲ್ಲಿ ಮರುನಿರ್ಮಿಸಿದ ಕೋಟೆಯಿಂದ ಹೊರಟರೆ 14 ಕಿ.ಮೀ. ಆಚೆ ಪಿಜನ್ ನದಿಯ ದಡದಲ್ಲಿ ಫೋರ್ಟ್ ಷಾರ್ಲಟ್ ಇದ್ದ ಜಾಗ. ಅಲ್ಲಿ ಗುಡಾರ ಹಾಕಲು ಸ್ಮಾರಕದ ಕಚೇರಿಯಿಂದ ಪರವಾನಗಿ ಪಡೆಯಬೇಕು. ಅರ್ಧ ಮೂಟೆಯಷ್ಟು, ಅಂದರೆ 20 ಕೆ.ಜಿ. ಚೀಲ ಹೊತ್ತು ಬೆಳಿಗ್ಗೆ ಹೊರಡಿ. ಸುಮಾರು 850 ಮೀಟರಿಗೊಮ್ಮೆ ಚೀಲ ಇಳಿಸಿ ಗಡಿಯಾರ ನೋಡಿ, ಸಮಯವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಮೂರನೆಯ ಪೋಸ್‌ಗೂ ಹದಿಮೂರನೆಯದಕ್ಕೂ ಎಷ್ಟು ನಿಮಿಷ ವ್ಯತ್ಯಾಸ ಬಂತೆಂದು ರಾತ್ರಿ ಗುಡಾರದಲ್ಲಿ ಕುಳಿತು ನೋಡಿ. ಮುಂದಿನ ವರ್ಷದ ಪಯಣದ ದಿನಗಳನ್ನು ಆ ಪುಟವನ್ನು ಎದುರಿಗಿಟ್ಟುಕೊಂಡು ಗೊತ್ತುಮಾಡಿ.